ಗಾಜಿನ ಬೋಗಿಯಲ್ಲಿ ಘಟ್ಟ ಹತ್ತುವವರಿಗೆ: ಮಂಗಳೂರು–ಬೆಂಗಳೂರು ಹಗಲು ರೈಲಿನ ವಿಸ್ಟಾಡೋಮ್, ಕಾಲಕಾಲಕ್ಕೆ

ಮಂಗಳೂರಿನಿಂದ ಬೆಂಗಳೂರಿಗೆ ಹಗಲು ಹೊತ್ತಿನಲ್ಲಿ ಹೋಗುವ ರೈಲಿನ ವಿಸ್ಟಾಡೋಮ್ ಬೋಗಿಯಲ್ಲಿ, ಅಂದರೆ ದೊಡ್ಡ ಕಿಟಕಿಗಳೂ ಗಾಜಿನ ಚಾವಣಿಯೂ ಇರುವ ಎಸಿ ಬೋಗಿಯಲ್ಲಿ, ಯಾವ ತಿಂಗಳು ಪ್ರಯಾಣ ಮಾಡಿದರೆ ಒಳ್ಳೆಯದು ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ, ಮಳೆಗಾಲದಲ್ಲಿ ಹೋಗಿ ಎಂಬುದು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಇದೇ ಹಳಿಯ ಮೇಲೆ ಮಳೆಗಾಲವನ್ನೂ ಚಳಿಗಾಲವನ್ನೂ ಸೆಕೆಗಾಲವನ್ನೂ ಕಂಡ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಆ ಬೋಗಿಗೆ ಕೊಟ್ಟ ದುಡ್ಡು ಪೂರ್ತಿಯಾಗಿ ವಸೂಲಾಗುವುದು ಮಳೆಯ ಅಬ್ಬರ ಇಳಿದ ಮೇಲೆ, ತುಳುವರ ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಕಳೆದು ದೀಪಾವಳಿ ಮುಗಿಯುವವರೆಗಿನ ವಾರಗಳಲ್ಲಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯನ್ನೇ ನೋಡಬೇಕೆಂದಿರುವವರು ಅದೇ ರೈಲಿನ ಸಾಮಾನ್ಯ ಬೋಗಿಯಲ್ಲಿ ಕಿಟಕಿಯ ಬದಿಯ ಆಸನ ಹಿಡಿಯುವುದು ಲೇಸು. ಏಕೆ ಹೀಗೆ ಹೇಳುತ್ತಿದ್ದೇನೆ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಊರಿನ ಅನೇಕರು ಈ ಟಿಕೆಟನ್ನು ವರ್ಷಕ್ಕೊಮ್ಮೆ, ಮನೆಮಂದಿಯೆಲ್ಲ ಸೇರಿ, ಆಸೆಪಟ್ಟು ಕೊಳ್ಳುತ್ತಾರೆ.

ಈ ದಾರಿ ನಮಗೆ ಹೊಸದೇನಲ್ಲ, ಆದರೆ ಕರಾವಳಿಯ ಬಹುಪಾಲು ಜನರಿಗೆ ಅದು ನಿದ್ದೆಯಲ್ಲಿ ಕಳೆದುಹೋಗುವ ದಾರಿ. ರಾತ್ರಿ ರೈಲು ಹತ್ತಿ, ಪುತ್ತೂರು ದಾಟುವ ಮೊದಲೇ ಹೊದ್ದು ಮಲಗಿ, ಕಣ್ಣು ಬಿಟ್ಟಾಗ ಬೆಂಗಳೂರಿನ ಹೊರವಲಯ ಕಾಣುವುದೇ ವಾಡಿಕೆ. ಹಗಲು ರೈಲುಗಳಿಗೆ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿದ್ದು 2021ರ ಜುಲೈಯಲ್ಲಿ. ಯಶವಂತಪುರ–ಮಂಗಳೂರು ಜಂಕ್ಷನ್ ನಡುವಿನ ಗೊಮ್ಮಟೇಶ್ವರ ಎಕ್ಸ್‌ಪ್ರೆಸ್, ಅದೇ ದಾರಿಯ ವಾರದ ರೈಲು ಮತ್ತು ಉಡುಪಿಯ ಮೂಲಕ ಕಾರವಾರಕ್ಕೆ ಹೋಗಿಬರುವ ರೈಲು, ಈ ಮೂರಕ್ಕೂ ಈ ಬೋಗಿಗಳು ಬಂದವು. ಉಡುಪಿ, ಬಾರ್ಕೂರು, ಮೂಲ್ಕಿಯ ಕಡೆಯವರಿಗೆ ಕಾರವಾರದ ರೈಲೇ ಅನುಕೂಲ. ಮಂಗಳೂರು ಜಂಕ್ಷನ್ನಿನಿಂದ ಹನ್ನೊಂದೂವರೆಯ ಆಸುಪಾಸಿನಲ್ಲಿ ಹೊರಟರೆ ಯಶವಂತಪುರ ತಲುಪುವಾಗ ರಾತ್ರಿ ಎಂಟು ಗಂಟೆ ಆಗಿರುತ್ತದೆ. ಬಸ್ಸಿಗಿಂತ ತಡ. ಬೇಗ ತಲುಪಬೇಕಾದವರಿಗೆ ಈ ರೈಲು ಅಲ್ಲವೇ ಅಲ್ಲ.

ಬೋಗಿಯ ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ. ಚೆನ್ನೈಯ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ತಯಾರಾದ, ಒಟ್ಟು 44 ಆಸನಗಳ ಹವಾನಿಯಂತ್ರಿತ ಬೋಗಿ ಇದು. ಕಿಟಕಿಗಳು ಮಾಮೂಲಿ ಕಿಟಕಿಗಿಂತ ಬಹಳ ದೊಡ್ಡವು, ಚಾವಣಿಯಲ್ಲಿಯೂ ಗಾಜು, ಆಸನಗಳನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಬಹುದು, ಬೋಗಿಯ ಒಂದು ತುದಿಯಲ್ಲಿ ನಿಂತು ನೋಡಲು ಗಾಜಿನ ಗೋಡೆಯ ಜಾಗ ಇದೆ. ಆಸನ ತಿರುಗಿಸುವ ಸೌಲಭ್ಯ ಕೇಳಲು ಸಣ್ಣದಾಗಿ ಕಂಡರೂ ಮನೆಯವರು ನಾಲ್ಕು ಜನ ಎದುರುಬದುರು ಕೂತು ಬುತ್ತಿ ಬಿಚ್ಚುವಾಗ ಅದರ ಬೆಲೆ ತಿಳಿಯುತ್ತದೆ. ಆದರೆ ಆಸನ ತಿರುಗಿದರೂ ಅದು ಇರುವ ಬದಿ ಬದಲಾಗುವುದಿಲ್ಲ ಎಂಬುದನ್ನು ಟಿಕೆಟ್ ಮಾಡುವವರು ಗಮನಿಸಬೇಕು, ಇದರ ಬಗ್ಗೆ ಮುಂದೆ ಬರೆಯುತ್ತೇನೆ.

ಚಾವಣಿಯ ಗಾಜಿನ ಬಗ್ಗೆ ಜಾಹೀರಾತುಗಳಲ್ಲಿ ಹೇಳುವಷ್ಟು ದೊಡ್ಡ ಮಾತು ನನ್ನಿಂದ ಬಾರದು. ನಮ್ಮ ಘಟ್ಟದ ಹಳಿಗೆ ಎರಡೂ ಕಡೆಯಿಂದ ಮರಗಳು ಬಾಗಿವೆ, ಒಂದು ಪಕ್ಕದಲ್ಲಿ ಕಡಿದ ಬಂಡೆ, ಇನ್ನೊಂದು ಪಕ್ಕದಲ್ಲಿ ಕಣಿವೆ. ತಲೆಯ ಮೇಲೆ ನೋಡಿದರೆ ಕೊಂಬೆಗಳು ಹಿಂದಕ್ಕೆ ಸರಿಯುವುದು ಕಾಣುತ್ತದೆ, ಅದೂ ಚೆಂದವೇ, ಆದರೆ ಇಲ್ಲಿಯ ನೋಟವೆಲ್ಲ ಕೆಳಗಿದೆ. ಆಂಧ್ರದ ಅರಕು ಕಣಿವೆಯ ದಾರಿಗೆ 2017ರಲ್ಲಿ ಇಂಥ ಬೋಗಿ ಬಂದಾಗ ಎಲ್ಲರೂ ಮಾತಾಡಿದ್ದು ಚಾವಣಿಯನ್ನು ಕುರಿತು. ನಮ್ಮ ದಾರಿಯಲ್ಲಿ ಕೆಲಸಕ್ಕೆ ಬರುವುದು ಮೊಣಕಾಲಿನ ಮಟ್ಟದಿಂದಲೇ ಆರಂಭವಾಗುವ ಪಕ್ಕದ ಗಾಜು, ಏಕೆಂದರೆ ಹಳಿಯ ಅಂಚು ಕಡಿದು ಬೀಳುವ ಜಾಗವನ್ನು ಕೂತಲ್ಲಿಂದಲೇ ಕೆಳಗಿನವರೆಗೆ ನೋಡಲು ಅದರಿಂದ ಮಾತ್ರ ಸಾಧ್ಯ.

ನೋಡಬೇಕಾದ ಭಾಗ ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವಿನ ಸುಮಾರು 55 ಕಿಲೋಮೀಟರ್. ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ಎಂಬ ಸಣ್ಣ ನಿಲ್ದಾಣಗಳನ್ನು ಹಾದು ಹಳಿ ಮಲೆನಾಡಿಗೆ ಏರುತ್ತದೆ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಕಡಿದಾದ ದಾರಿ, 57 ಸುರಂಗಗಳು, ಇನ್ನೂರಕ್ಕೂ ಹೆಚ್ಚು ಸೇತುವೆಗಳು. ಗಾಡಿಯ ವೇಗ ಇಲ್ಲಿ ಗಂಟೆಗೆ 30 ಕಿಲೋಮೀಟರ್ ಮೀರುವುದಿಲ್ಲವಾದ್ದರಿಂದ ಇಷ್ಟು ದೂರಕ್ಕೆ ಎರಡು, ಎರಡೂವರೆ ಗಂಟೆ ಬೇಕು. ಹತ್ತುವಾಗ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಜೋಡಿಸುವ ಪದ್ಧತಿ ಇಲ್ಲಿಯದು. ಇಳಿಯುವಾಗ ಬ್ರೇಕು ಕೈಕೊಟ್ಟರೆ ಗಾಡಿಯನ್ನು ತಿರುಗಿಸಿ ನಿಲ್ಲಿಸಲು ನಿಲ್ದಾಣಗಳ ಬಳಿ ಏರುಮುಖದ ಕವಲು ಹಳಿಗಳನ್ನು ಹಾಕಿದ್ದಾರೆ. ಕಾಡಿನೊಳಕ್ಕೆ ಹೋಗಿ ಸುಮ್ಮನೆ ಮುಗಿದುಹೋಗುವ ಆ ಹಳಿಯನ್ನು ಕಂಡು ಮಕ್ಕಳು ಕೇಳಿದರೆ ಹೇಳಲು ಈ ವಿಷಯ ತಿಳಿದಿರಲಿ.

ಹಾಸನ–ಮಂಗಳೂರು ಹಳಿ ಮೊದಲು ಮೀಟರ್ ಗೇಜಿನಲ್ಲಿ 1979ರಲ್ಲಿ ಪೂರ್ತಿಯಾಯಿತು. 1990ರ ದಶಕದ ನಡುವಿನಲ್ಲಿ ಬ್ರಾಡ್‌ಗೇಜಿಗಾಗಿ ಮುಚ್ಚಿದ ದಾರಿ ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರಿನಲ್ಲಿ. ಹನ್ನೆರಡು ವರ್ಷಗಳ ಆಸುಪಾಸು ಕಾಯಿಸಿದ ದಾರಿ ಇದು ಎಂಬುದನ್ನು ನಮ್ಮ ಹಿರಿಯರು ಇವತ್ತಿಗೂ ಮರೆತಿಲ್ಲ. ಅವರ ಜೊತೆ ಹೋದರೆ ಹಳೆಯ ಮೀಟರ್ ಗೇಜಿನ ಕಥೆಗಳನ್ನು ಕೇಳಿಕೊಂಡೇ ಘಟ್ಟ ಹತ್ತಬಹುದು.

ಈಗ ಮಳೆಗಾಲಕ್ಕೆ ಬರುತ್ತೇನೆ. ಜೂನ್ ಎರಡನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಈ ದಾರಿಯಲ್ಲಿ ಏನು ಕಾಣಬಹುದೋ ಅದಕ್ಕೆ ಸಾಟಿಯಾದುದು ಬೇರೆ ಕಾಲದಲ್ಲಿ ಇಲ್ಲ, ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಬಂಟ್ವಾಳ ದಾಟಿದ ಮೇಲೆ ನೇತ್ರಾವತಿ ಕೆಂಪಾಗಿ, ದಡ ಮುಟ್ಟಿ, ಮರದ ದಿಮ್ಮಿಗಳನ್ನು ಹೊತ್ತು ಹೋಗುತ್ತಿರುತ್ತದೆ. ಪುತ್ತೂರಿನ ಸುತ್ತಿನ ಅಡಿಕೆ ತೋಟಗಳಲ್ಲಿ ಮಳೆ ಸ್ವಲ್ಪ ಬಿಟ್ಟ ಹೊತ್ತನ್ನೇ ಕಾದು ಮದ್ದು ಬಿಡುವವರು ಕಾಣುತ್ತಾರೆ, ಮೈಲುತುತ್ತು ಸುಣ್ಣದ ನೀಲಿ ಬಣ್ಣ ಮರದ ಕಾಂಡದ ಮೇಲೆಲ್ಲ ಇಳಿದಿರುತ್ತದೆ. ಘಟ್ಟದೊಳಗೆ ಪ್ರತಿಯೊಂದು ಬಂಡೆಯ ಸೀಳಿನಿಂದಲೂ ನೀರು. ಇದೆಲ್ಲ ಇದ್ದೂ ಗಾಜಿನ ಬೋಗಿಯಿಂದ ಇದನ್ನು ನೋಡುವುದು ಅರ್ಧ ನೋಟ ಎಂದು ನಾನು ಹೇಳಲು ಎರಡು ಕಾರಣಗಳಿವೆ.

ಮೊದಲನೆಯದು ಗಾಜಿನ ಮೇಲಿನ ಮಂಜು. ಬೋಗಿಯ ಒಳಗೆ ಎಸಿಯ ತಂಪು, ಹೊರಗೆ ಕರಾವಳಿಯ ತೇವ ತುಂಬಿದ ಬೆಚ್ಚಗಿನ ಗಾಳಿ. ತಂಪಾದ ಗಾಜಿಗೆ ಆ ಗಾಳಿ ತಾಗಿದರೆ ಹೊರಮೈಯಲ್ಲಿ ಹನಿಗಟ್ಟುತ್ತದೆ. ಒಳಗೆ ಕೂತವರು ಕರವಸ್ತ್ರದಿಂದ ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ, ಏಕೆಂದರೆ ಮಂಜು ಇರುವುದು ಕೈಗೆ ಸಿಗದ ಆಚೆ ಬದಿಯಲ್ಲಿ. ಮಳೆ ಜೋರಾಗಿ ಹೊಡೆದಾಗ ಅದು ತೊಳೆದು ಹೋಗುತ್ತದೆ, ಆದರೆ ಆಗ ಗಾಜಿನ ಮೇಲೆ ನೀರೇ ಹರಿಯುತ್ತಿರುತ್ತದೆ. ಗಾಡಿ ನಿಧಾನವಾಗಿರುವುದರಿಂದ ಹನಿಗಳು ಗಾಳಿಗೆ ಹಾರಿ ಹೋಗದೆ ಅಲ್ಲಿಯೇ ಜಾರುತ್ತವೆ. ಅದರಾಚೆ ಕಣಿವೆಯಲ್ಲಿ ಮೋಡ ತುಂಬಿದ್ದರೆ ದೊಡ್ಡ ಕಿಟಕಿಗೂ ಸಣ್ಣ ಕಿಟಕಿಗೂ ವ್ಯತ್ಯಾಸ ಉಳಿಯುವುದಿಲ್ಲ. ಎಡಕುಮೇರಿಯಿಂದ ಕಡಗರವಳ್ಳಿಯವರೆಗೂ ಬಿಳಿ ಗೋಡೆಯನ್ನೇ ನೋಡಿಕೊಂಡು ಹೋಗುವ ದಿನಗಳು ಆಟಿಯಲ್ಲಿ ಸಾಕಷ್ಟಿರುತ್ತವೆ.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯವಾದದ್ದು. ಘಟ್ಟದ ಮಳೆ ಕಣ್ಣಿಗೆ ಎಷ್ಟೋ ಕಿವಿಗೂ ಮೂಗಿಗೂ ಅಷ್ಟೇ. ಸೇತುವೆಯ ಮೇಲೆ ಗಾಡಿ ಏರಿದಾಗ ಕೆಳಗಿನ ಹೊಳೆಯ ಮೊರೆತ ಒಮ್ಮೆಲೇ ಮೇಲಕ್ಕೆ ಬರುವುದು, ಸುರಂಗದೊಳಗೆ ನೀರು ತೊಟ್ಟಿಕ್ಕುವ ಸದ್ದು, ಹೊರಬಂದ ಕೂಡಲೇ ಮುಖಕ್ಕೆ ರಾಚುವ ಸಣ್ಣ ಹನಿ, ಕೊಳೆತ ಎಲೆ ಮತ್ತು ಹಸಿ ಮಣ್ಣಿನ ವಾಸನೆ, ಇವು ಯಾವುವೂ ಮುಚ್ಚಿದ ಬೋಗಿಯೊಳಗೆ ಬರುವುದಿಲ್ಲ. ಕುಳಿತುಕೊಳ್ಳುವ ಸಾಮಾನ್ಯ ದರ್ಜೆಯ ಬೋಗಿಯಲ್ಲಿ ಕಿಟಕಿಯ ಬಾಗಿಲು ಮೇಲೆತ್ತಿ ಕೂತವರಿಗೆ ಇದೆಲ್ಲವೂ ಸಿಗುತ್ತದೆ, ಜೊತೆಗೆ ಅಂಗಿಯ ತೋಳು ಒದ್ದೆಯಾಗುತ್ತದೆ. ಸುರಂಗ ಬಂದಾಗ ಆ ಬೋಗಿಗಳಲ್ಲಿ ಕಾಲೇಜಿನ ಹುಡುಗರು ಒಟ್ಟಾಗಿ ಕೂಗು ಹಾಕುತ್ತಾರೆ, ಮೊದಲ ಹತ್ತು ಸುರಂಗಗಳವರೆಗೆ ಅದೂ ಹಿತವಾಗಿಯೇ ಇರುತ್ತದೆ. ವಿಸ್ಟಾಡೋಮಿನಲ್ಲಿ ಸುರಂಗ ಎಂದರೆ ಗಾಜೆಲ್ಲ ಕನ್ನಡಿಯಾಗಿ ಎಲ್ಲರಿಗೂ ತಮ್ಮ ಮುಖವೇ ಕಾಣುವುದು.

ಹಾಗಿದ್ದರೂ ಮಳೆಗಾಲದಲ್ಲಿಯೇ ಗಾಜಿನ ಬೋಗಿ ಬೇಕೆನ್ನುವವರಿಗೆ, ವಿಶೇಷವಾಗಿ ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರಿಗೆ, ಒಂದು ಸಲಹೆ ಇದೆ. ಮಂಗಳೂರಿನಿಂದ ಹೋಗುವಾಗ ಕಣಿವೆ ಇರುವುದು ಬಹುಮಟ್ಟಿಗೆ ಎಡಗಡೆ, ಬೆಂಗಳೂರಿನಿಂದ ಬರುವಾಗ ಬಲಗಡೆ. ಎಲ್ಲರೂ ಕಣಿವೆಯ ಬದಿಯನ್ನೇ ಹುಡುಕುತ್ತಾರೆ. ಮಳೆಗಾಲದಲ್ಲಿ ಮಾತ್ರ ಗುಡ್ಡದ ಬದಿಯೇ ಒಳ್ಳೆಯದು ಎನ್ನುತ್ತೇನೆ. ಕಣಿವೆಗೆ ಮೋಡ ಕವಿದಿರುವಾಗಲೂ ಗುಡ್ಡದ ಬದಿಯಲ್ಲಿ ಕಡಿದ ಬಂಡೆಯ ಮೇಲಿಂದ ಇಳಿಯುವ ನೀರು ಕಿಟಕಿಗೆ ಕೈ ಚಾಚಿದಷ್ಟು ದೂರದಲ್ಲಿರುತ್ತದೆ, ಮಂಜು ಕವಿದ ಗಾಜಿನಿಂದಲೂ ಅದು ಕಾಣುತ್ತದೆ. ಬಂಡೆಗೆ ಅಂಟಿದ ಪಾಚಿ, ಜರಿಗಿಡ, ಅವುಗಳ ತುದಿಯಿಂದ ಸುರಿಯುವ ನೀರು, ನಡುನಡುವೆ ಮಳೆಯಂಗಿ ತೊಟ್ಟು ಗಾಡಿಗೆ ದಾರಿ ಬಿಟ್ಟು ಗೋಡೆಗೊರಗಿ ನಿಂತ ಹಳಿ ಕಾಯುವ ಸಿಬ್ಬಂದಿ. ಮಳೆಗಾಲದುದ್ದಕ್ಕೂ ಈ ಹಳಿಯನ್ನು ಹಗಲೂ ರಾತ್ರಿಯೂ ನಡೆದೇ ಕಾಯುತ್ತಾರೆ. ಸುರಂಗದ ಗೋಡೆಯಲ್ಲಿ ಒಬ್ಬರು ನಿಲ್ಲುವಷ್ಟೇ ಕೊರೆದ ಗೂಡುಗಳಿವೆ, ಗಾಡಿ ಬಂದಾಗ ಅವರು ಸೇರಿಕೊಳ್ಳುವುದು ಅಲ್ಲಿಗೆ. ಒಂದು ಸಲ ಹಾಗೆ ನಿಂತವರ ಕೈಯ ದೀಪದ ಬೆಳಕು ನಮ್ಮ ಕಿಟಕಿಯ ಉದ್ದಕ್ಕೂ ಸರಿದುಹೋದದ್ದನ್ನು ಕಂಡ ಮೇಲೆ, ನಾವು ನೋಡಲು ಹೋಗುವ ದಾರಿಯನ್ನು ಯಾರು ಉಳಿಸಿಕೊಡುತ್ತಿದ್ದಾರೆ ಎಂಬುದು ನನಗೆ ಮನದಟ್ಟಾಯಿತು.

ಈ ಕಾವಲು ಎಷ್ಟು ಅಗತ್ಯ ಎಂಬುದು ಇತ್ತೀಚಿನ ವರ್ಷಗಳ ದಾಖಲೆಯಲ್ಲೇ ಇದೆ. 2018ರ ಆಗಸ್ಟಿನಲ್ಲಿ ಘಟ್ಟದ ಅನೇಕ ಕಡೆ ಗುಡ್ಡ ಜರಿದು ದಾರಿ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿಯಿತು, ಮರಳು ಚೀಲ ಮತ್ತು ಕಲ್ಲಿನ ಬಲೆಗಳಿಂದ ತಡೆಗೋಡೆ ಕಟ್ಟಿ ಆಗಸ್ಟಿನಲ್ಲಿ ಗಾಡಿ ಬಿಟ್ಟರು. ಆದ್ದರಿಂದ ಜುಲೈ ಆಗಸ್ಟಿನ ಟಿಕೆಟ್ ಮಾಡುವವರು, ಗಾಡಿ ರದ್ದಾದರೂ ಕೆಲಸ ಕೆಡದಂತೆ ತಮ್ಮ ಏರ್ಪಾಡು ಇಟ್ಟುಕೊಳ್ಳಬೇಕು. ಮದುವೆಗೆ, ಪರೀಕ್ಷೆಗೆ, ವಿಮಾನ ಹಿಡಿಯಲಿಕ್ಕೆ ಈ ರೈಲನ್ನು ನಂಬಿ ಹೊರಡಬಾರದು. 2025ರ ಮಳೆಗಾಲವಂತೂ ಹಗಲು ಪ್ರಯಾಣಿಕರಿಗೆ ಸಿಗಲೇ ಇಲ್ಲ, ಘಟ್ಟದ ಹಳಿಯ ವಿದ್ಯುದೀಕರಣಕ್ಕಾಗಿ ಜೂನ್ ಮೊದಲ ದಿನದಿಂದಲೇ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದರು.

ಆ ಕಾಮಗಾರಿಯಿಂದ ಘಟ್ಟದ ಉದ್ದಕ್ಕೂ ಕಂಬಗಳೂ ತಂತಿಗಳೂ ಬಂದಿವೆ. ಚಾವಣಿಯ ಗಾಜಿನಿಂದ ಈಗ ಆಕಾಶಕ್ಕೆ ಮೊದಲು ತಂತಿ ಕಾಣುತ್ತದೆ, ಕಣಿವೆಯ ಚಿತ್ರ ತೆಗೆಯುವಾಗ ಕಂಬ ಅಡ್ಡ ಬರುತ್ತದೆ. ಇದಕ್ಕೆ ಬೇಸರಪಡುವವರ ಜೊತೆ ನಾನು ಸೇರುವುದಿಲ್ಲ. ಡೀಸೆಲ್ ಎಂಜಿನ್ನುಗಳು ಮುಂದಿನಿಂದಲೂ ಹಿಂದಿನಿಂದಲೂ ದುಡಿದು ಸುರಂಗದೊಳಗೆ ಬಿಡುತ್ತಿದ್ದ ಹೊಗೆಯನ್ನು ಸಾಮಾನ್ಯ ಬೋಗಿಯಲ್ಲಿ ಕೂತು ಕುಡಿದವರಿಗೆ ತಂತಿಯ ಬೆಲೆ ಗೊತ್ತು. ಎಸಿ ಬೋಗಿಯವರಿಗೆ ಆ ಹೊಗೆ ಎಂದೂ ತಟ್ಟಿರಲಿಲ್ಲ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಪ್ರಯಾಣವನ್ನು ಕುರಿತು ಬರೆಯಲು ನನಗೆ ಎಷ್ಟು ಜಾಗ ಕೊಟ್ಟರೂ ಸಾಲದು. ಮಳೆ ತೊಳೆದ ಗಾಳಿಯಲ್ಲಿ ಧೂಳಿಲ್ಲ, ಮೋಡ ಮೇಲಕ್ಕೆ ಸರಿದಿದೆ, ಹೊಳೆಗಳು ಇನ್ನೂ ತುಂಬಿವೆ ಆದರೆ ಕೆಂಪು ಇಳಿದು ತಿಳಿಯಾಗಿವೆ. ಕರಾವಳಿಯ ಭಾಗದಲ್ಲಿ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ, ಗದ್ದೆಗಳು ಕೊಯ್ಲಿಗೆ ಬಂದಿರುತ್ತವೆ. ಗದ್ದೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ ಅಡಿಕೆಯೂ ಮನೆಗಳೂ ಆ ಜಾಗಕ್ಕೆ ಬಂದಿರುವುದರಿಂದ, ಉಳಿದಿರುವ ಆ ಹಳದಿ ತುಂಡುಗಳನ್ನು ದೊಡ್ಡ ಕಿಟಕಿಯಿಂದ ನೋಡುವುದೇ ಒಂದು ಸಂತೋಷ. ಸಿರಿಬಾಗಿಲು ದಾಟಿದ ಮೇಲೆ ಎಡಗಡೆಯ ಕಣಿವೆ ತೆರೆದುಕೊಳ್ಳುತ್ತದೆ. ಕೆಳಗೆ ಕೆಂಪುಹೊಳೆ, ಅದರ ಪಕ್ಕದಲ್ಲಿ ಶಿರಾಡಿ ಘಾಟಿಯ ಹೆದ್ದಾರಿ, ಅದರ ಮೇಲೆ ಸಣ್ಣದಾಗಿ ಕಾಣುವ ಟ್ಯಾಂಕರುಗಳ ಸಾಲು, ಅದರಾಚೆಗೆ ಮಡಿಕೆ ಮಡಿಕೆಯಾಗಿ ಏರುವ ಕಾಡು, ಕಾಡು ಮುಗಿದಲ್ಲಿ ಹುಲ್ಲಿನ ಬೋಳು ತಲೆಗಳು. ಆಟಿಯಲ್ಲಿ ಎಷ್ಟೋ ಸಲ ಹಾದುಹೋದರೂ ಆ ಹುಲ್ಲುಗುಡ್ಡಗಳು ಅಲ್ಲಿವೆ ಎಂಬುದೇ ಗೊತ್ತಾಗುವುದಿಲ್ಲ.

ಈ ದಾರಿಯ ನೋಟದ ಒಂದು ಗುಣವೆಂದರೆ ಅದು ತುಂಡು ತುಂಡಾಗಿ ಸಿಗುವುದು. ಒಂದು ಸುರಂಗದಿಂದ ಹೊರಬಂದು ಸೇತುವೆಯ ಮೇಲೆ ಹೋಗಿ ಇನ್ನೊಂದು ಸುರಂಗಕ್ಕೆ ಹೊಕ್ಕುವುದರೊಳಗೆ ಕೆಲವೇ ಕ್ಷಣಗಳು. ಮೊಬೈಲ್ ಎತ್ತಿ ಹಿಡಿಯುವವರಿಗೆ ಬಹುತೇಕ ಕತ್ತಲೆಯ ಚಿತ್ರವೇ ಸಿಗುತ್ತದೆ. ಸಾಮಾನ್ಯ ಕಿಟಕಿಯ ಸರಳುಗಳ ನಡುವಿನಿಂದ ಆ ಕ್ಷಣದಲ್ಲಿ ಮೇಲಿನ ಗುಡ್ಡವನ್ನು ನೋಡಿದರೆ ಕೆಳಗಿನ ಹೊಳೆ ತಪ್ಪಿಹೋಗುತ್ತದೆ, ಹೊಳೆ ನೋಡಿದರೆ ಗುಡ್ಡ ತಪ್ಪಿಹೋಗುತ್ತದೆ. ವಿಸ್ಟಾಡೋಮಿನ ದೊಡ್ಡ ಗಾಜು ಮೇಲಿನದನ್ನೂ ಕೆಳಗಿನದನ್ನೂ ಒಂದೇ ನೋಟಕ್ಕೆ ಕೊಡುತ್ತದೆ. ಹೆಚ್ಚಿನ ಟಿಕೆಟ್ ದರಕ್ಕೆ ಪ್ರತಿಯಾಗಿ ಸಿಗುವುದು ಇದೇ, ಮತ್ತು ಇದು ಸಿಗಬೇಕಾದರೆ ಗಾಳಿ ತಿಳಿಯಾಗಿರಬೇಕು. ಅಕ್ಟೋಬರಿನಲ್ಲಿ ಸಂಜೆ ಗುಡುಗು ಮಳೆ ಬರುವುದುಂಟು, ಆದರೆ ಮಂಗಳೂರಿನಿಂದ ಹೊರಟ ಗಾಡಿ ಮಧ್ಯಾಹ್ನದ ಹೊತ್ತಿಗೇ ಘಟ್ಟ ಸೇರುವುದರಿಂದ ಅದರಿಂದ ಹೆಚ್ಚಿನ ಅಡ್ಡಿಯಿಲ್ಲ. ಸಕಲೇಶಪುರ ಹತ್ತಿರವಾಗುವಾಗ ಬಿಸಿಲು ಓರೆಯಾಗಿ, ಕಾಫಿ ತೋಟಗಳ ಸಿಲ್ವರ್ ಓಕ್ ಮರಗಳ ಎಲೆಯ ಬೆಳ್ಳಿಯ ಬದಿ ಹೊಳೆಯುತ್ತಿರುತ್ತದೆ.

ಡಿಸೆಂಬರ್ ಜನವರಿಯ ಪ್ರಯಾಣಕ್ಕೆ ಜನ ಕಡಿಮೆ ಅಂಕ ಕೊಡುತ್ತಾರೆ, ಜಲಪಾತ ಇಲ್ಲ ಎಂಬ ಒಂದೇ ಕಾರಣಕ್ಕೆ. ಆದರೆ ಆ ಕಾಲದಲ್ಲಿ ಘಟ್ಟದ ಮುಂಚಿನ ಭಾಗವೇ ನೋಡಲು ಸೊಗಸು. ಪುತ್ತೂರು, ನರಿಮೊಗರು, ಎಡಮಂಗಲದ ಕಡೆ ಮನೆಗಳ ಅಂಗಳದಲ್ಲಿ ಹಣ್ಣಡಿಕೆ ಹರವಿರುತ್ತಾರೆ. ಹೊಸದಾಗಿ ಹರವಿದ್ದು ಕೇಸರಿ, ವಾರಗಳು ಕಳೆದದ್ದು ಕಂದು, ಒಂದೇ ಅಂಗಳದಲ್ಲಿ ಎರಡು ಮೂರು ಬಣ್ಣ. ಹಳಿಯ ಪಕ್ಕದ ರಬ್ಬರ್ ತೋಟಗಳು ಆಗ ಎಲೆ ಉದುರಿಸುತ್ತವೆ. ನಿತ್ಯಹಸಿರಿನ ನಮ್ಮ ಕಡೆ ಸಾಲು ಸಾಲಾಗಿ ಬೋಳಾಗಿ ನಿಂತ ಮರಗಳನ್ನೂ ಕೆಳಗೆ ಹಾಸಿದ ಕೆಂಪು ಕಂದು ಎಲೆಯನ್ನೂ ಇಷ್ಟು ಉದ್ದಕ್ಕೆ ನೋಡಲು ಸಿಗುವುದು ಇಲ್ಲಿ ಮಾತ್ರ. ವಾರಗಳೊಳಗೆ ಅವೇ ಮರಗಳಲ್ಲಿ ತಾಮ್ರದ ಬಣ್ಣದ ಚಿಗುರು ಬರುತ್ತದೆ. ಒಂದು ಎಚ್ಚರಿಕೆ: ಚಂಪಾಷಷ್ಠಿಯ ಆಸುಪಾಸಿನ ದಿನಗಳಲ್ಲಿ ಕುಕ್ಕೆಗೆ ಹೋಗುವವರಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸಾಮಾನ್ಯ ಬೋಗಿಗಳು ಕಾಲಿಡಲಾಗದಷ್ಟು ತುಂಬಿರುತ್ತವೆ, ಆಗ ನೋಟಕ್ಕೆಂದು ಹೋಗುವವರು ದಿನ ಬದಲಿಸಿಕೊಳ್ಳುವುದು ಒಳ್ಳೆಯದು.

ಬೇಸಿಗೆಯ ಬಗ್ಗೆ ನನ್ನ ಅಭಿಪ್ರಾಯ ಎರಡು ಭಾಗವಾಗಿದೆ. ಫೆಬ್ರವರಿ ಮಾರ್ಚಿನಲ್ಲಿ ಘಟ್ಟದ ಕಾಡು ಚಿಗುರುವುದನ್ನು ನೋಡದವರು ನೋಡಲೇಬೇಕು. ನಾಗಸಂಪಿಗೆಯಂಥ ಮರಗಳ ಎಳೆ ಎಲೆ ಕೆಂಪಾಗಿರುವುದರಿಂದ ದೂರದಿಂದ ಕಾಡೇ ಹೂಬಿಟ್ಟಂತೆ ಕಾಣುತ್ತದೆ. ಸಕಲೇಶಪುರದ ಸುತ್ತ ತೋಟಗಳಲ್ಲಿ ನೆರಳಿಗೆ ಬೆಳೆಸಿದ ಹಾಲುವಾಣದ ಕೆಂಪು ಹೂವು ಇರುತ್ತದೆ. ಮಾರ್ಚ್ ಏಪ್ರಿಲಿನ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಕಾಫಿ ಗಿಡಗಳು ಬಿಳಿಯಾಗುತ್ತವೆ, ಆ ಹೂವು ಉಳಿಯುವುದು ಕೆಲವೇ ದಿನ, ಮೊದಲೇ ಟಿಕೆಟ್ ಮಾಡಿ ಅದನ್ನು ಹಿಡಿಯಲಾಗದು. ಸಿಕ್ಕವರ ಪುಣ್ಯ. ಆದರೆ ಕಾಫಿ ಹೂವಿನ ದೊಡ್ಡಸ್ತಿಕೆ ಇರುವುದು ಪರಿಮಳದಲ್ಲಿ, ಅದು ಗಾಜಿನ ಬೋಗಿಗೆ ಬರುವುದಿಲ್ಲ. ಸಕಲೇಶಪುರದಲ್ಲಿ ಗಾಡಿ ನಿಂತಾಗ ಬಾಗಿಲಿಗೆ ಹೋಗಿ ಉಸಿರೆಳೆದುಕೊಂಡು ಬರಬೇಕು. ಏಪ್ರಿಲ್ ಮೇ ಬಂದರೆ ಕರಾವಳಿಯ ಸೆಕೆಯಲ್ಲಿ ಎಸಿ ಬೋಗಿ ದೊಡ್ಡ ಉಪಕಾರ ನಿಜ, ಆದರೆ ನಡುಹಗಲಿನ ಬಿಸಿಲು ಚಾವಣಿಯ ಗಾಜಿನಿಂದ ನೇರವಾಗಿ ತಲೆಯ ಮೇಲೆ ಬೀಳುವುದರಿಂದ ಬಂಟ್ವಾಳದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಟೊಪ್ಪಿಯೋ ಶಾಲೋ ಬೇಕಾಗುತ್ತದೆ. ಬಿಸಿಲು ಮಬ್ಬಿನಲ್ಲಿ ಕಣಿವೆಯ ಆಚೆಯ ಗುಡ್ಡ ಕಾಣುವುದಿಲ್ಲ. ದಾರಿಬದಿಯ ಕಕ್ಕೆ ಮರಗಳ ಹಳದಿ ಗೊಂಚಲು ಬಿಟ್ಟರೆ ಮೇ ತಿಂಗಳಲ್ಲಿ ಈ ಟಿಕೆಟಿಗೆ ದುಡ್ಡು ಹಾಕಲು ನಾನು ಯಾರಿಗೂ ಹೇಳುವುದಿಲ್ಲ.

ಬೋಗಿಯ ತುದಿಯ ನಿಂತು ನೋಡುವ ಜಾಗವನ್ನು ನಂಬಿ ಟಿಕೆಟ್ ಮಾಡುವವರಿಗೆ ಒಂದು ಮಾತು. ವಿಸ್ಟಾಡೋಮ್ ಗಾಡಿಯ ಕೊನೆಯಲ್ಲಿದ್ದು ಅದರ ಗಾಜಿನ ಗೋಡೆ ಹಿಂಬದಿಗೆ ಇದ್ದರೆ ಹಿಂದಕ್ಕೆ ಸರಿಯುವ ಹಳಿ, ಸುರಂಗದ ಬಾಯಿ, ಸೇತುವೆಯ ತಿರುವು ಎಲ್ಲ ಕಾಣುತ್ತವೆ. ಆದರೆ ಹತ್ತುವ ದಿಕ್ಕಿನಲ್ಲಿ ತಳ್ಳುವ ಎಂಜಿನ್ ಅಲ್ಲಿಗೇ ಬಂದು ಜೋಡಣೆಯಾದರೆ ಘಟ್ಟದುದ್ದಕ್ಕೂ ಅದರ ಮುಖವೇ ಕಾಣುವುದು. ಇಳಿಯುವ ದಿಕ್ಕಿನಲ್ಲಿ, ಅಂದರೆ ಬೆಂಗಳೂರಿನಿಂದ ಬರುವಾಗ, ಆ ಜಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೋಟಕ್ಕಾಗಿ ಒಂದೇ ದಿಕ್ಕಿನ ಪ್ರಯಾಣ ಮಾಡುವವರಿಗೆ ಯಶವಂತಪುರದಿಂದ ಬೆಳಿಗ್ಗೆ ಹೊರಟು ನಡುಹಗಲಿಗೆ ಘಟ್ಟ ಇಳಿಯುವ ಗಾಡಿಯೇ ಒಳ್ಳೆಯದು ಎಂಬುದು ನನ್ನ ಅನಿಸಿಕೆ.

ಮಂಗಳೂರಿನವರಿಗೆ ಪೂರ್ತಿ ದೂರದ ಟಿಕೆಟ್ ಬೇಕಾಗಿಯೂ ಇಲ್ಲ. ಬೆಂಗಳೂರಿನವರೆಗಿನ ವಿಸ್ಟಾಡೋಮ್ ದರ ಸಾವಿರ ರೂಪಾಯಿಯನ್ನು ಮೀರುತ್ತದೆ, ಸಾಮಾನ್ಯ ಆಸನದ ದರಕ್ಕಿಂತ ಅದು ಎಷ್ಟೋ ಪಟ್ಟು ಹೆಚ್ಚು. ಸಕಲೇಶಪುರದ ಆಚೆ ಹಾಸನ, ಶ್ರವಣಬೆಳಗೊಳ, ಕುಣಿಗಲ್ ದಾರಿ ಬಯಲುಸೀಮೆಯ ಸಮತಟ್ಟು. ನೋಡಬಾರದೆಂದಲ್ಲ, ಆದರೆ ಸೂರ್ಯ ಮುಳುಗಿದ ಮೇಲೆ ದೊಡ್ಡ ಗಾಜಿಗೆ ದುಡ್ಡು ಕೊಟ್ಟು ಕತ್ತಲೆ ನೋಡುವುದು ಬೇಡ. ಸಕಲೇಶಪುರಕ್ಕೆ ಇಳಿಯುವುದು ಸಾಕು. ಅದೇ ದಿನ ಹಗಲು ರೈಲಿನಲ್ಲಿ ಹಿಂದಿರುಗಲು ವೇಳೆ ಹೊಂದುವುದಿಲ್ಲ, ಎದುರಿನ ಗಾಡಿ ಆ ಹೊತ್ತಿಗೆ ಘಟ್ಟ ಇಳಿದುಹೋಗಿರುತ್ತದೆ. ಶಿರಾಡಿ ಘಾಟಿಯ ಬಸ್ಸು ಹಿಡಿದು ರಾತ್ರಿ ಮನೆ ಸೇರಬಹುದು, ಆಗುವವರು ಒಂದು ರಾತ್ರಿ ಅಲ್ಲಿ ಉಳಿದು ಮರುದಿನ ಇಳಿಯುವ ಗಾಡಿಯ ಸಾಮಾನ್ಯ ಬೋಗಿಯಲ್ಲಿ ಬರಬಹುದು. ಹೋಗುವಾಗ ಗಾಜಿನ ಬೋಗಿ, ಬರುವಾಗ ತೆರೆದ ಕಿಟಕಿ, ಈ ದಾರಿಯನ್ನು ಪೂರ್ತಿಯಾಗಿ ಅನುಭವಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ. ಹಗಲು ರೈಲುಗಳು ಓಡುವ ವಾರಗಳೂ ವೇಳೆಯೂ ಬದಲಾಗುತ್ತಿರುವುದರಿಂದ ಹೊರಡುವ ಮೊದಲು ವೇಳಾಪಟ್ಟಿಯನ್ನು ನೋಡಿಕೊಳ್ಳಲೇಬೇಕು.

ಊಟದ ವಿಷಯದಲ್ಲಿ ಮನೆಯ ಬುತ್ತಿಯನ್ನೇ ನಂಬಬೇಕು. ನೀರುದೋಸೆ ಎಸಿಯಲ್ಲಿ ಬೇಗ ಒಣಗುತ್ತದೆ, ಬನ್ಸ್ ಮತ್ತು ಮೂಡೆ ಸಂಜೆಯವರೆಗೂ ಮೆತ್ತಗಿರುತ್ತವೆ. ಸುಬ್ರಹ್ಮಣ್ಯ ರೋಡ್ ಬರುವ ಮೊದಲೇ ಉಣ್ಣುವುದನ್ನು ಮುಗಿಸಿದರೆ ಘಟ್ಟದಲ್ಲಿ ಕೈಯೂ ಕಣ್ಣೂ ಬಿಡುವಾಗಿರುತ್ತವೆ. ಮಕ್ಕಳು ಸಣ್ಣ ನಿಲ್ದಾಣಗಳಲ್ಲಿ ಇಳಿಯದಂತೆ ನೋಡಿಕೊಳ್ಳಿ. ಎದುರು ಗಾಡಿಗಾಗಿ ಎಡಕುಮೇರಿಯಂಥ ಕಡೆ ಗಾಡಿ ನಿಲ್ಲುವುದುಂಟು, ಇಳಿದು ಹಳಿಯ ಮೇಲೆ ನಡೆಯುವುದು ಈಗ ನಿಷಿದ್ಧ. ಹಿಂದೆ ಚಾರಣಿಗರು ಈ ಹಳಿಯ ಮೇಲೆಯೇ ನಡೆದು ಹೋಗುತ್ತಿದ್ದ ಕಾಲ ಮುಗಿದಿದೆ, ಮುಗಿದದ್ದು ಒಳ್ಳೆಯದೇ ಆಯಿತು.

ಈ ಸೇವೆಯಿಂದ ನನಗೆ ಇನ್ನೂ ಬೇಕಾದದ್ದು ಎರಡು. ಗಾಡಿ ಹೊರಡುವ ಮೊದಲು ವಿಸ್ಟಾಡೋಮಿನ ಗಾಜನ್ನು ಹೊರಗಿನಿಂದ ತೊಳೆದು ಒರೆಸುವುದನ್ನು ಕಡ್ಡಾಯ ಮಾಡಬೇಕು, ನೋಟಕ್ಕಾಗಿಯೇ ದರ ತೆಗೆದುಕೊಳ್ಳುವ ಬೋಗಿಯಲ್ಲಿ ಗಾಜಿನ ಮೇಲಿನ ಒಂದು ಧೂಳಿನ ಗೆರೆಯೂ ದೊಡ್ಡ ಕೊರತೆ. ಇನ್ನೊಂದು, ಬರುವ ನಿಲ್ದಾಣದ ಹೆಸರನ್ನು ಹೇಳಲು ಬೋಗಿಯಲ್ಲಿ ಇರುವ ವ್ಯವಸ್ಥೆಯೇ ಹೊಳೆ, ಸೇತುವೆ, ಗುಡ್ಡಗಳ ಹೆಸರನ್ನೂ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಹೇಳಬೇಕು. ಕಳೆದ ಬಾರಿ ನೇತ್ರಾವತಿಯ ಸೇತುವೆ ದಾಟುವಾಗ ಎದುರಿನ ಆಸನದಲ್ಲಿದ್ದ ಬೆಂಗಳೂರಿನ ಮಗು ಇದು ಯಾವ ನದಿ ಎಂದು ಕೇಳಿತು. ನಾನು ಹೇಳಿದೆ. ಮುಂದೆ ಕೆಂಪುಹೊಳೆ ಕಂಡಾಗ, ಎಡಕುಮೇರಿಯ ಬಳಿ ಹೆಸರು ತಿಳಿಯದ ತೊರೆಗಳು ಒಂದರ ಹಿಂದೆ ಒಂದು ಬಂದಾಗ, ಅದು ಕೇಳುತ್ತಲೇ ಇತ್ತು; ಅರ್ಧಕ್ಕೂ ಉತ್ತರ ಕೊಡಲು ಬೋಗಿಯಲ್ಲಿದ್ದ ಊರಿನವರು ಯಾರಿಗೂ ಆಗಲಿಲ್ಲ. ಹಳಿ ನಿರ್ವಹಿಸುವವರ ಬಳಿ ಪ್ರತಿಯೊಂದು ಸೇತುವೆಗೂ ಸಂಖ್ಯೆ ಇದೆ, ಘಟ್ಟದ ಕೆಳಗಿನ ಮನೆಗಳ ಹಿರಿಯರ ಬಳಿ ಪ್ರತಿಯೊಂದು ತೊರೆಗೂ ಹೆಸರಿದೆ. ಎರಡನ್ನೂ ಕೂಡಿಸಿ ಬೋಗಿಯೊಳಗೆ ಕೇಳಿಸಲು ದೊಡ್ಡ ಖರ್ಚೇನೂ ಬೇಡ, ಮುಂದಿನ ಮಳೆಗಾಲದೊಳಗೆ ಆದರೂ ಆಗಬಹುದು.